ಸಾವಿರ ಮೆಟ್ಟಿಲು, ಅವಸರವೇನಿಲ್ಲ

ಮೈಸೂರಿನ ಚಾಮುಂಡಿ ಬೆಟ್ಟಕ್ಕೆ ಬಸ್ಸಿದೆ, ಒಳ್ಳೆ ರಸ್ತೆಯೂ ಇದೆ. ಆದರೂ ನಸುಕಿನಲ್ಲೇ ಪಾದದ ಬಳಿ ಜನ ಸೇರಿರುತ್ತಾರೆ. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ್ ಕಟ್ಟಿಸಿದ ಸಾವಿರ ಮೆಟ್ಟಿಲು ಶುರುವಾಗೋದು ಇಲ್ಲಿಂದಲೇ.

ಅಮ್ಮನಿಗೆ 40ಕ್ಕೇ ಸಕ್ಕರೆ ಕಾಯಿಲೆ ಬಂತು. ನನಗೀಗ 32, ದಿನವಿಡೀ ಕೂತು ಮಾಡುವ ಕೆಲಸ. ವ್ಯಾಯಾಮಕ್ಕೆ ನನಗಿದ್ದ ಅಡ್ಡಿ ಸಮಯವಲ್ಲ, ಸಂಕೋಚ. ಜಿಮ್ಮಿನಲ್ಲಿ ನಾನು ಏದುಸಿರು ಬಿಡೋದನ್ನ ನಾಲ್ಕು ಜನ ನೋಡ್ತಾರಲ್ಲ ಅಂತ.

ಇಲ್ಲಿ ಎಲ್ಲರೂ ಏದುಸಿರು ಬಿಡುವವರೇ! ಹರಕೆ ಹೊತ್ತ ಹೆಂಗಸರು ಒಂದೊಂದು ಮೆಟ್ಟಿಲಿಗೂ ಬಾಗಿ ಅರಿಶಿನ-ಕುಂಕುಮ ಹಚ್ಚುತ್ತಾ ಏರುತ್ತಾರೆ. ಅವರನ್ನು ಯಾರೂ 'ಬೇಗ ನಡೀರಿ' ಅನ್ನಲ್ಲ. ಸುಸ್ತಾಗಿ ನಿಂತ ನನಗೂ ಒಬ್ಬ ಅಜ್ಜ, "ಕೂತ್ಕೊಳಮ್ಮ, ಬೆಟ್ಟ ಎಲ್ಲೂ ಹೋಗಲ್ಲ" ಅಂದರು.

ಅರ್ಧ ದಾಟಿದ ಮೇಲೆ ಒಂದೇ ಬಂಡೆಯಲ್ಲಿ ಕಡೆದ ದೊಡ್ಡ ನಂದಿ. ಮೊದಲ ತಿಂಗಳು ನನ್ನ ಗುರಿ ಅಲ್ಲಿಯವರೆಗೆ ಮಾತ್ರ. ಈಗ ಪ್ರತಿ ಭಾನುವಾರ ತುದಿ ಮುಟ್ಟುತ್ತೇನೆ.

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕು ನಡಿಗೆಯಂಥ ವ್ಯಾಯಾಮ ಬೇಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಉಳಿದ ದಿನ ನಮ್ಮ ಬೀದಿಯಲ್ಲೇ ನಡೆಯುತ್ತೇನೆ. ನಾಲ್ಕು ಜನ ನೋಡಿದರೆ ನೋಡಲಿ.

ನೀವೂ ಬನ್ನಿ. ಮಂಡಿ ನೋವಿದ್ದರೆ ಇಳಿಯೋಕೆ ಬಸ್ಸಿದೆ.