ಕಡಿಯೋ ನಾಯಿ ಅಲ್ರಿ, ನುಂಗೋ ನಾಯಿ

ಭಾಗ 3

ಫೋಟೋದಾಗ ಬಾಯಿಗೆ ಕರಿ ಬುಟ್ಟಿ ಹಾಕ್ಕೊಂಡು ನಿಂತಾಂವ ನಮ್ಮ ಟೈಗರ್. ನಿನ್ನೆ ಸ್ಟೋರಿ ಹಾಕಿದ ಕೂಡಲೇ ನಿಮ್ಮ ಮೆಸೇಜ್ ಬಂದವು. "ಪಾಪ, ಬಾಯಿ ಯಾಕ ಕಟ್ಟಿ?" "ಕಡಿತದೇನು?" ಎರಡಕ್ಕೂ ಇಲ್ಲೇ ಉತ್ತರ ಹೇಳ್ತೀನಿ.

ಟೈಗರ್ ಬೀದಿಯಲ್ಲಿ ಹುಟ್ಟಿದವನು. ಮಳಖೇಡ ಕಡೆ ಒಂದು ಧಾಬಾದ ಹಿಂದೆ ಸಿಕ್ಕಾಗ ಎರಡು ತಿಂಗಳ ಮರಿ. ಕಂಡದ್ದನ್ನ ಮೊದಲು ನುಂಗು ಅನ್ನೋದೇ ಅವನು ಕಲಿತ ಪಾಠ. ಈಗ ಎರಡು ಹೊತ್ತು ಹೊಟ್ಟೆ ತುಂಬ ಊಟ ಅದ, ಆದ್ರೂ ಆ ಪಾಠ ಮರೆತಿಲ್ಲ.

ಜನವರಿಯಾಗ ಆದಿತ್ಯನಗರದ ಹೊರಗೆ ಯಾರದೋ ಫಂಕ್ಷನ್ ಮುಗಿದಿತ್ತು. ರಸ್ತೆ ಬದಿ ಪ್ಲೇಟಿನ ರಾಶಿ. ನಾನು ರೀಲ್ಸ್ ನೋಡ್ತಾ ನಡೀತಿದ್ದೆ. ತಲೆ ಎತ್ತೋದ್ರೊಳಗ ಬಾಯಾಗ ಕೋಳಿ ಎಲುಬು. ಚೀರಿದೆ, ಬಾಯಿಗೆ ಕೈ ಹಾಕಿದೆ. ಕಸ್ಕೋತಾರ ಅಂತ ಗೊತ್ತಾದ್ರ ನಾಯಿ ಇನ್ನೂ ಜಲ್ದಿ ನುಂಗ್ತದ, ಹಂಗೇ ಆಯ್ತು. ರಾತ್ರಿಯೆಲ್ಲ ವಾಂತಿ, ನೀರು ಸಹ ಒಲ್ಲೆ. ಬೆಳಿಗ್ಗೆ ಅಪ್ಪನ ಬೈಕ್ ಮ್ಯಾಲ ತೊಡೆಮೇಲೆ ಮಲಗಿಸ್ಕೊಂಡು ಸೇಡಂಗೆ ಹೋದ್ವಿ. ಬೇಯಿಸಿದ ಎಲುಬು ಚೂಪಾಗಿ ಸೀಳ್ತದ, ಕರುಳು ಹರಿಯಬಹುದು ಅಂದ್ರು ಡಾಕ್ಟರ್. ಮೂರು ದಿನ ಸಲೈನ್. ಉಳಿದ.

ಮಝಲ್ ಆವಾಗಲೇ ತರಿಸಿದೆ, ಆದ್ರ ಒಂದು ತಿಂಗಳು ಹಾಕಲೇ ಇಲ್ಲ. ಮಂದಿ ಏನಂತಾರ ಅನ್ನೋ ನಾಚಿಕೆ. ಮುತ್ಯಾ ಕೇಳಿದ್ರು, "ತೊಗರಿ ಹೊಲದಾಗ ಎಡಿ ಹೊಡಿವಾಗ ಎತ್ತಿನ ಬಾಯಿಗೆ ಕುಕ್ಕಿ ಹಾಕ್ತೀವಲ್ಲ, ಎತ್ತು ಕಡಿತದಂತ ಹಾಕ್ತೀವೇನು? ಬೆಳಿ ತಿನ್ನಬಾರದಂತ." ಅಷ್ಟೇ ಸಾಕಾಯ್ತು ನನಗ.

ನೀವೂ ತಗೊಳ್ಳೋರಿದ್ರ, ಬುಟ್ಟಿಯಂಥದ್ದೇ ತಗೊಳ್ರಿ. ನಾಯಿ ನಮ್ಮಂಗ ಬೆವರಿ ತಣ್ಣಗಾಗಲ್ಲ, ಬಾಯಿ ತೆರೆದು ಏದುಸಿರು ಬಿಟ್ಟೇ ತಣ್ಣಗಾಗ್ತದ. ನಮ್ಮ ಬ್ಯಾಸಿಗಿ 40 ಡಿಗ್ರಿ ದಾಟ್ತದ. ಬಾಯಿ ಬಿಗಿಯೋ ಬಟ್ಟೆಯ ಪಟ್ಟಿ ಡಾಕ್ಟರ್ ಹತ್ರ ಎರಡು ನಿಮಿಷಕ್ಕೆ ಸರಿ, ವಾಕಿಂಗಿಗೆ ಬ್ಯಾಡ. ಹಾಕಿದಾಗ ಬಾಯಿ ಪೂರಾ ತೆರೀಬೇಕು, ನೀರು ಕುಡಿಯೋಕಾಗಬೇಕು.

ಮೊದಲ ದಿನವೇ ಕಟ್ಟಬ್ಯಾಡ್ರಿ. ನಾನು ಒಳಗೆ ಮೊಟ್ಟೆ ತುಂಡು ಇಟ್ಟು ಹಿಡ್ಕೊಂಡು ಕೂತೆ, ತಾನೇ ಮೂತಿ ಹಾಕಿದ. ನಾಲ್ಕೈದು ದಿನ ಬರೀ ಇಷ್ಟೇ. ಆಮೇಲೆ ಒಂದು ಕ್ಷಣ ಬೆಲ್ಟ್ ಹಾಕಿ ತೆಗೆಯೋದು, ನಿಧಾನಕ್ಕೆ ಹೊತ್ತು ಹೆಚ್ಚಿಸೋದು. ಎರಡು ವಾರ ಹಿಡೀತು. ಈಗ ಮಝಲ್ ಕಂಡ್ರ ಬಾಲ ಅಲ್ಲಾಡಿಸ್ತಾನ, ವಾಕಿಂಗ್ ಅಂತ.

ಇದರಿಂದ ಎಲ್ಲಾ ಮುಗೀತು ಅಂತಲ್ಲ. ಸಂದಿಯಿಂದ ಸಣ್ಣ ಚೂರು ನೆಕ್ಕಬಹುದು. ಬೀದಿ ನಾಯಿ ಬಂದ್ರ ತನ್ನನ್ನ ತಾನು ಕಾಯ್ದುಕೊಳ್ಳೋಕಾಗಲ್ಲ, ಅದಕ್ಕ ಬೆಲ್ಟ್ ಕೈಯಾಗೇ ಇರಬೇಕು. ಮನೆಗೆ ಬಂದ ಕೂಡಲೇ ಮಝಲ್ ತೆಗೀತೀನಿ. ಜೊತೆಗೇ "ಬಿಡು" ಕಲಿಸ್ತಿದೀನಿ: ಬಾಯಾಗಿಂದು ಬಿಟ್ರ ಅದಕ್ಕಿಂತ ಚಲೋದು ಸಿಗ್ತದ. ಹತ್ತರಲ್ಲಿ ಆರು ಸಲ ಬಿಡ್ತಾನ.

ಇನ್ನು ಆ "ಪಾಪ" ಅಂದವರಿಗೆ. ಪ್ಲೇಟು ಎಸೆದವರು ನಾವು, ಫೋನ್ ನೋಡ್ತಿದ್ದವಳು ನಾನು, ಬುಟ್ಟಿ ಬಂದದ್ದು ಅವನ ಬಾಯಿಗೆ. ಪಾಪ ಅನಿಸ್ತದ ನನಗೂ. ಅದಕ್ಕೇ ಈಗ ವಾಕಿಂಗಿನಾಗ ಫೋನ್ ಮನ್ಯಾಗ ಇರ್ತದ. ಈ ಫೋಟೋ ತೆಗೆದಿದ್ದು ತಮ್ಮ.