ಪಳಗದ ಟೈರು

ಕಾರಿನ ಟೈರುಗಳ ವಿಷಯವನ್ನು ವೈದ್ಯನೊಬ್ಬ ಬರೆಯಹೊರಟರೆ ಓದುಗರಿಗೆ ಸೋಜಿಗವೆನಿಸಬಹುದು. ಆದರೆ ಗಾಳಿ ತುಂಬಿದ ಟೈರನ್ನು ಬಳಕೆಗೆ ತಂದ ಜಾನ್ ಬಾಯ್ಡ್ ಡನ್‌ಲಪ್ ಕೂಡ ವೈದ್ಯನೇ, ಪಶುವೈದ್ಯ. 1887ರಲ್ಲಿ ಬೆಲ್‌ಫಾಸ್ಟ್‌ನಲ್ಲಿ ಆತ ಅದನ್ನು ತಯಾರಿಸಿದ್ದು ತನ್ನ ಮಗನ ಮೂರು ಚಕ್ರದ ಸೈಕಲ್ಲಿಗಾಗಿ. ನಾನು ಟೈರುಗಳ ಬಗ್ಗೆ ಓದತೊಡಗಿದ್ದು ಮಗಳಿಗಾಗಿ.

ಆಸ್ಪತ್ರೆಯ ಪಾಳಿಯಿಲ್ಲದ ಕೆಲವು ವಾರಾಂತ್ಯಗಳಲ್ಲಿ ನಾನು ಇಂಗ್ಲೆಂಡಿನ ಹವ್ಯಾಸಿ ಕಾರ್ ರೇಸುಗಳಿಗೆ ಸ್ವಯಂಸೇವಕ ವೈದ್ಯನಾಗಿ ಹೋಗುತ್ತೇನೆ. ಸಿಲ್ವರ್‌ಸ್ಟೋನ್, ಸ್ನೆಟರ್ಟನ್, ಥ್ರಕ್ಸ್‌ಟನ್ ಮೊದಲಾದ ಇಲ್ಲಿನ ಹಲವು ರೇಸ್ ಟ್ರ್ಯಾಕುಗಳು ಎರಡನೆಯ ಮಹಾಯುದ್ಧದ ಕಾಲದಲ್ಲಿ ವಿಮಾನ ನಿಲ್ದಾಣಗಳಾಗಿದ್ದವು. ಎಲ್ಲೆಡೆ ಬಟ್ಟಬಯಲು, ತಡೆಯಿಲ್ಲದ ಗಾಳಿ. ಮಾರ್ಚ್ ತಿಂಗಳ ಅಂಥದೊಂದು ಕೊರೆಯುವ ಬೆಳಿಗ್ಗೆ, ಮೊದಲ ಸುತ್ತಿನಲ್ಲಿಯೇ ಕಾರೊಂದು ಬುಗುರಿಯಂತೆ ತಿರುಗಿ ತಡೆಗೋಡೆಗೆ ಬಡಿಯಿತು. ನಮ್ಮ ಮೆಡಿಕಲ್ ಕಾರು ತಲುಪಿದಾಗ ಚಾಲಕನಿಗೆ ಎಚ್ಚರವಿತ್ತು. ಮುರಿದದ್ದು ಕಾಲರ್ ಬೋನ್ ಮಾತ್ರ. ಇಪ್ಪತ್ತರ ಆಸುಪಾಸಿನ ಹುಡುಗ. “ಟೈರು ನಿನ್ನೆ ತಾನೇ ಹಾಕಿಸಿದ್ದು, ಹೇಗೆ ಜಾರಿತು?” ಎಂದು ಮತ್ತೆ ಮತ್ತೆ ಕೇಳುತ್ತಿದ್ದ.

ಟೈರು ಹೊಸದಾಗಿದ್ದುದೂ ಜಾರಲು ಒಂದು ಕಾರಣ ಎಂದು ಅನುಭವಿಗಳು ಅನಂತರ ನನಗೆ ವಿವರಿಸಿದರು. ಅಚ್ಚಿನಿಂದ ಸುಲಭವಾಗಿ ಕಳಚಿ ಬರಲೆಂದು ಬಳಸುವ ಜಾರುವ ದ್ರವದ ತೆಳುಪದರ ಹೊಸ ಟೈರಿನ ಮೈಮೇಲೆ ಉಳಿದಿರುತ್ತದೆ. ಜೊತೆಗೆ ತಣ್ಣಗಿರುವ ರಬ್ಬರಿಗೆ ನೆಲದ ಮೇಲೆ ಹಿಡಿತ ಕಡಿಮೆ. ಪ್ರತಿಯೊಂದು ಟೈರೂ ರಸ್ತೆಯನ್ನು ಮುಟ್ಟುವುದು ಹೆಚ್ಚುಕಡಿಮೆ ಒಂದು ಅಂಗೈಯಗಲದಲ್ಲಿ. ಆ ನಾಲ್ಕು ಅಂಗೈಗಳನ್ನು ನಂಬಿ ಒಂದು ಜೀವ ತಿರುವಿಗೆ ನುಗ್ಗುತ್ತದೆ.

ರೇಸಿನ ಮೃದು ಟೈರುಗಳಲ್ಲಿ ಇನ್ನೂ ಒಂದು ಸೂಕ್ಷ್ಮವಿದೆ. ರಬ್ಬರು ಎಂದರೆ ಉದ್ದನೆಯ ಅಣುಸರಪಳಿಗಳು ಒಂದಕ್ಕೊಂದು ಹೆಣೆದುಕೊಂಡಿರುವ ಬಲೆ. ಮೊದಲ ಬಾರಿ ಚೆನ್ನಾಗಿ ಕಾದಾಗ ಆ ಬಲೆಯ ದುರ್ಬಲ ಕೊಂಡಿಗಳು ಕಳಚುತ್ತವೆ. ತಣಿದು ವಿಶ್ರಮಿಸುವಾಗ ಹೆಚ್ಚು ಸಮನಾಗಿ ಮರಳಿ ಕೂಡಿಕೊಳ್ಳುತ್ತವೆ. ಇದಕ್ಕೆ ಕನಿಷ್ಠ 24 ಗಂಟೆ ಬೇಕು; ಒಂದು ವಾರ ಸಿಕ್ಕರೆ ಇನ್ನೂ ಒಳ್ಳೆಯದು. ಆ ಬಿಡುವು ಕೊಡದೆ ಮತ್ತೆ ಬಿರುಸಾಗಿ ಓಡಿಸಿದರೆ ಟೈರು ಬೇಗನೆ ಗಡುಸಾಗಿ ಹಿಡಿತ ಕಳೆದುಕೊಳ್ಳುತ್ತದೆ. ವ್ಯಾಯಾಮದಲ್ಲಿ ದಣಿದ ಸ್ನಾಯು ಬಲಗೊಳ್ಳುವುದೂ ಅನಂತರದ ವಿಶ್ರಾಂತಿಯಲ್ಲಿಯೇ ಎಂದು ರೋಗಿಗಳಿಗೆ ಹೇಳುವ ನನಗೆ ಈ ಮಾತು ಹೊಸದೆನಿಸಲಿಲ್ಲ.

ವಿಶ್ವವಿದ್ಯಾಲಯದಲ್ಲಿ ಓದುವ ಮಗಳಿಗೆ ಕಾರುಗಳ ಹುಚ್ಚು. ಒಂದೊಂದೇ ಕಾರು ಗಡಿಯಾರದ ವಿರುದ್ಧ ಓಡುವ ‘ಸ್ಪ್ರಿಂಟ್’ ಸ್ಪರ್ಧೆಗೆ ಮೊದಲ ಬಾರಿ ಹೆಸರು ಕೊಟ್ಟಿದ್ದಳು. ಸ್ಪರ್ಧೆ ಭಾನುವಾರ, ಕೂಡಿಟ್ಟ ಹಣದಲ್ಲಿ ತರಿಸಿದ ಟೈರುಗಳು ಬಂದದ್ದು ಶುಕ್ರವಾರ ಸಂಜೆ. ಬೇಡವೆಂದು ಅಪ್ಪಣೆ ಮಾಡುವ ವಯಸ್ಸು ಅವಳದಲ್ಲ. ನಾನು ಕಂಡದ್ದನ್ನೂ ಕೇಳಿದ್ದನ್ನೂ ಹೇಳಿ ಸುಮ್ಮನಾದೆ. ಸ್ವಲ್ಪ ಹೊತ್ತಿನ ನಂತರ ಅವಳೇ ನಕ್ಕಳು: “ಅಜ್ಜಿಯ ಕಾವಲಿ ಥರಾ ಅಲ್ವಾ ಅಪ್ಪಾ?”

ಅಮ್ಮ ಊರಿನಿಂದ ತಂದಿದ್ದ ಕಬ್ಬಿಣದ ದೋಸೆ ಕಾವಲಿಯನ್ನು ಮೂರು ದಿನ ಪಳಗಿಸಿದ್ದರು. ಎಣ್ಣೆ ಸವರಿ, ಕಾಯಿಸಿ, ಈರುಳ್ಳಿಯಿಂದ ಉಜ್ಜಿ, ರಾತ್ರಿಯೆಲ್ಲ ಆರಲು ಬಿಡುತ್ತಿದ್ದರು. ಹಸಿದ ಮೊಮ್ಮಗಳು ಎಷ್ಟು ಗೋಗರೆದರೂ ನಾಲ್ಕನೆಯ ದಿನದವರೆಗೆ ಹಿಟ್ಟು ಹುಯ್ಯಲಿಲ್ಲ.

ಭಾನುವಾರ ಮಗಳು ಹಳೆಯ ಟೈರುಗಳಲ್ಲಿಯೇ ಓಡಿ, ಪಟ್ಟಿಯ ತುದಿಯಿಂದ ಮೂರನೆಯವಳಾದಳು. ಮನೆಗೆ ಬರುವಾಗ ಮಾತಿರಲಿಲ್ಲ. ಎರಡು ವಾರಗಳ ನಂತರ ಅಭ್ಯಾಸದ ದಿನವೊಂದರಲ್ಲಿ ಹೊಸ ಟೈರುಗಳನ್ನು ಪಳಗಿಸಿದಳು. ಮೊದಲ ಸುತ್ತು ಮದುವೆಯ ಮೆರವಣಿಗೆಯಷ್ಟು ನಿಧಾನ. ಆಮೇಲೆ ಸುತ್ತಿನಿಂದ ಸುತ್ತಿಗೆ ವೇಗ ಏರಿಸುತ್ತಾ, ಗಕ್ಕನೆ ಬ್ರೇಕ್ ಹಾಕದೆ, ಸುಮಾರು ಹದಿನೈದು ನಿಮಿಷ. ಬಿಸಿ 10 ಡಿಗ್ರಿ ಫ್ಯಾರನ್‌ಹೀಟ್ ಏರಿದಾಗ ಟೈರಿನ ಒತ್ತಡ ಸುಮಾರು 1 ಪಿಎಸ್‌ಐ ಏರುತ್ತದೆ. ಹೊರಡುವಾಗ 26 ಇದ್ದದ್ದು ಮರಳಿದಾಗ 32 ತೋರಿಸಿತು. ಅವನ್ನು ಬಿಚ್ಚಿ ವಾರವಿಡೀ ಗ್ಯಾರೇಜಿನಲ್ಲಿಟ್ಟಳು. ಮುಂದಿನ ಸ್ಪರ್ಧೆಯಲ್ಲಿ ಅವಳು ಮೊದಲ ತಿರುವಿಗೆ ಇಳಿದಾಗ ನಾನು ವೈದ್ಯನಾಗಿ ಅಲ್ಲ, ಅಪ್ಪನಾಗಿ ಬೇಲಿ ಹಿಡಿದು ನಿಂತಿದ್ದೆ. ಕಾರು ಗೆರೆ ಎಳೆದಂತೆ ತಿರುವು ದಾಟಿತು. ನನ್ನ ಉಸಿರು ಆಮೇಲೆ ಬಂತು.

ನಮ್ಮ ಬಳಗದ ಬಹುಪಾಲು ಮಂದಿ ರೇಸಿಗೆ ಹೋಗುವವರಲ್ಲ. ಆದರೆ ಚಳಿಗಾಲಕ್ಕೆ ಮುಂಚೆ ಕಾರಿಗೆ ಹೊಸ ಟೈರು ಹಾಕಿಸುವವರು ಅನೇಕರಿದ್ದೀರಿ. ಮಾಮೂಲಿ ಟೈರಿಗೆ ವಾರದ ವಿಶ್ರಾಂತಿ ಬೇಕಿಲ್ಲ; ಆದರೆ ಅದರ ಮೇಲೂ ಆ ಜಾರುಪದರ ಇರುತ್ತದೆ. ಮೊದಲ ನೂರು ಮೈಲಿಯಾದರೂ ಮುಂದಿನ ಕಾರಿನಿಂದ ಹೆಚ್ಚು ಅಂತರವಿಟ್ಟು, ತಿರುವುಗಳಲ್ಲಿ, ಅದರಲ್ಲೂ ಮಳೆಯಲ್ಲಿ, ತಾಳ್ಮೆಯಿಂದ ಓಡಿಸಿ. ಇತ್ತೀಚೆಗೆ ಲೈಸೆನ್ಸ್ ಪಡೆದ ಮಕ್ಕಳು ಮನೆಯಲ್ಲಿದ್ದರೆ ಅವರಿಗೂ ದಯವಿಟ್ಟು ತಿಳಿಸಿ.