ನೀರಿನ ಕಲೆ ಅಂದುಕೊಂಡ ಹಲ್ಲು

ನಾನು ಬಾಯಿಬಿಟ್ಟು ನಕ್ಕರೆ ಸಾಕು, ಯಾವ ಕಡೆಯವನು ಅಂತ ಗೊತ್ತಾಗಿಬಿಡುತ್ತೆ. ಪಾವಗಡದ ಬೋರ್‌ವೆಲ್ ನೀರು ಕುಡಿದು ಬೆಳೆದ ನಮ್ಮಂಥವರ ಹಲ್ಲಿನ ಮೇಲೆ ಕಂದು ಗೆರೆ ಇರುತ್ತೆ. ಕಾಲೇಜಿನಲ್ಲಿ ಫೋಟೊ ತೆಗೆಯುವಾಗೆಲ್ಲ ತುಟಿ ಮುಚ್ಚಿಕೊಳ್ಳುತ್ತಿದ್ದೆ. ಆಮೇಲೆ ಫ್ಲೋರೈಡ್ ಬಗ್ಗೆಯೇ ಒಂದು ವರದಿ ಬರೆದೆ. ಲೀಟರ್ ನೀರಿನಲ್ಲಿ 1.5 ಮಿಲಿಗ್ರಾಂ ದಾಟಬಾರದು ಅನ್ನೋದು ಬಾಯಿಪಾಠ ಆಯಿತು. ಅಲ್ಲಿಂದ ಹಲ್ಲಿನ ವಿಷಯ ನನಗೆ ಗೊತ್ತು ಅನ್ನೋ ಧೈರ್ಯ ಬಂತು. ತಪ್ಪಾಗಿದ್ದೇ ಅಲ್ಲಿ.

ಅಕ್ಕನ ಮಗಳು ಪುಟ್ಟಿಗೆ ಈಗ 8 ವರ್ಷ. ಹೋದ ವರ್ಷ ಅಕ್ಕ ಅವಳ ಬಾಯಿ ತೆರೆಸಿ, "ನೋಡೋ, ಹಿಂದಿನ ಹಲ್ಲು ಕಪ್ಪಗಾಗಿದೆ" ಅಂದಳು. ನಾನು ಮೊಬೈಲ್ ಟಾರ್ಚ್ ಹಾಕಿ ನೋಡಿದೆ. ಕೆಳದವಡೆಯ ಎಡಗಡೆ ಕೊನೆಯ ಹಲ್ಲಿನ ನಡುವೆ ಕಂದು ಚುಕ್ಕೆ. "ನೀರಿನ ಕಲೆ ಅಕ್ಕ, ನನ್ನ ಹಲ್ಲು ನೋಡು" ಅಂದೆ. ಎಲ್ಲರೂ ನಕ್ಕರು, ಮಾತು ಮುಗೀತು. ಪುಟ್ಟಿ ಹುಟ್ಟುವ ಹೊತ್ತಿಗೆ ಊರಿಗೆ ಶುದ್ಧ ನೀರಿನ ಘಟಕ ಬಂದಿತ್ತು, ಅವಳ ಮುಂದಿನ ಹಲ್ಲುಗಳು ಹಾಲಿನ ಹಾಗೆ ಬೆಳ್ಳಗಿದ್ದವು. ಹಿಂದಿನ ಒಂದೇ ಹಲ್ಲಿಗೆ ಕಲೆ ಹೇಗೆ ಬಂತು ಅಂತ ನಾನು ಕೇಳಿಕೊಳ್ಳಲೇ ಇಲ್ಲ.

ಈ ಸಲ ಕಡ್ಲೆಕಾಯಿ ಕೀಳೋ ಹೊತ್ತಿಗೆ ನೋವು ಶುರುವಾಯಿತು. ಹಗಲು ಆಡಿಕೊಂಡಿರೋಳು, ರಾತ್ರಿ ಮಲಗಿದ ಮೇಲೆ ಕೆನ್ನೆ ಹಿಡಿದು ಅಳೋಳು. ಅಮ್ಮ ಲವಂಗ ಜಜ್ಜಿ ಇಟ್ಟಳು. ಮೆಡಿಕಲ್ ಸ್ಟೋರಿನಿಂದ ಮಾತ್ರೆ ಬಂತು. ಎರಡು ದಿನ ಸುಮ್ಮನಿದ್ದು ಮತ್ತೆ ಶುರು. "ಬೀಳೋ ಹಲ್ಲು ತಾನೆ, ಕಿತ್ತಾಕಿಸಿ. ಹೊಸದು ಬರ್ತದೆ" ಅಂದಳು ಅಮ್ಮ. ನಮಗೂ ಅದೇ ಸರಿ ಅನಿಸಿತು. ಕೀಳಿಸಬೇಕು ಅಂತಲೇ ತಾಲ್ಲೂಕು ಆಸ್ಪತ್ರೆಗೆ ಹೋಗಿದ್ದು.

ದಂತ ವೈದ್ಯರು ಬಾಯಿ ನೋಡಿ, ವಯಸ್ಸು ಕೇಳಿ, ಅಕ್ಕನ ಕಡೆ ತಿರುಗಿದರು. "ಇದು ಬೀಳೋ ಹಲ್ಲಲ್ಲಮ್ಮ. ಸಾಯೋವರೆಗೂ ಇರಬೇಕಾದ ಹಲ್ಲು."

ಅವತ್ತು ಅವರು ಹೇಳಿದ್ದು ನನಗೆ ಯಾವ ಪಾಠದಲ್ಲೂ ಸಿಕ್ಕಿರಲಿಲ್ಲ. ಮಕ್ಕಳಿಗೆ ಹಾಲುಹಲ್ಲು 20. ಸುಮಾರು 6 ವರ್ಷಕ್ಕೆ, ಅವೆಲ್ಲದರ ಹಿಂದೆ, ಮೇಲೆ ಎರಡು ಕೆಳಗೆ ಎರಡು ದವಡೆ ಹಲ್ಲು ಹುಟ್ಟುತ್ತವೆ. ಅವು ಬರೋದಕ್ಕೆ ಯಾವ ಹಲ್ಲೂ ಬೀಳಬೇಕಾಗಿಲ್ಲ. ನಮ್ಮಲ್ಲಿ ಹಲ್ಲು ಬಿದ್ದರೆ ಸಗಣಿಯಲ್ಲಿ ಸುತ್ತಿ ಮನೆ ಮೇಲೆ ಎಸೆಯುತ್ತೇವೆ, ಹೊಸ ಹಲ್ಲು ಬಂತಾ ಅಂತ ದಿನಾ ನೋಡುತ್ತೇವೆ. ಈ ನಾಲ್ಕು ಹಲ್ಲಿಗೆ ಆ ಭಾಗ್ಯ ಇಲ್ಲ. ಸದ್ದಿಲ್ಲದೆ ಬರುತ್ತವೆ, ಹಾಲುಹಲ್ಲಿನ ಲೆಕ್ಕಕ್ಕೆ ಸೇರಿಬಿಡುತ್ತವೆ. ಮೇಲ್ಭಾಗದಲ್ಲಿ ಆಳದ ಸಂದು ಇರೋದರಿಂದ ಚಹಾದಲ್ಲಿ ಅದ್ದಿದ ಬಿಸ್ಕತ್ತು ಅಲ್ಲೇ ಮೆತ್ತಿಕೊಂಡು ಕೂರುತ್ತೆ.

ಹಾಗಂತ ಹಾಲುಹಲ್ಲನ್ನೂ ಬಿಡೋ ಹಾಗಿಲ್ಲವಂತೆ. ಹಿಂದಿನ ಹಾಲುಹಲ್ಲುಗಳು 10-12 ವರ್ಷದವರೆಗೆ ಇರಬೇಕು. ಬೇಗ ಕಿತ್ತರೆ ಪಕ್ಕದ ಹಲ್ಲು ಆ ಜಾಗಕ್ಕೆ ವಾಲಿ, ಕೆಳಗಿನಿಂದ ಬರೋ ಹಲ್ಲಿಗೆ ದಾರಿ ಇರಲ್ಲ.

ಕಲೆಯ ವಿಷಯವನ್ನು ನಾನೇ ಕೇಳಿದೆ. ಕೇಳುವಾಗ ನಾಚಿಕೆಯಾಯಿತು. ನೀರಿನ ಕಲೆ ಸಾಮಾನ್ಯವಾಗಿ ಎಡಕ್ಕೂ ಬಲಕ್ಕೂ ಒಂದೇ ಥರ, ಹಲವು ಹಲ್ಲಿಗೆ ಬರುತ್ತೆ. ಹಲ್ಲು ಒಸಡಿನೊಳಗೆ ತಯಾರಾಗುವಾಗಲೇ ಆಗೋ ಕಲೆ ಅದು. ಒಂದೇ ಹಲ್ಲಿನ ಸಂದಿನಲ್ಲಿ ಕಂದು ಚುಕ್ಕೆ ಬಂದು ದಿನೇ ದಿನೇ ದೊಡ್ಡದಾದರೆ ಅದು ಹುಳುಕು.

"ಊತ ಬಂದಿಲ್ಲ, ಕೀವಾಗಿಲ್ಲ. ಉಳಿಸಬಹುದು. ಆದರೆ ಬೇರಿನ ತುದಿ ಇನ್ನೂ ಕೂಡಿಲ್ಲ, ದೊಡ್ಡವರಿಗೆ ಮಾಡೋ ಹಾಗೆ ಮಾಡೋಕಾಗಲ್ಲ" ಅಂತ ತುಮಕೂರಿನ ದಂತ ಕಾಲೇಜಿಗೆ ಚೀಟಿ ಬರೆದುಕೊಟ್ಟರು.

ಮಧುಗಿರಿ ಮೇಲೆ ಮೂರು ಸಲ ಹೋಗಿ ಬಂದೆವು. ಸರ್ಕಾರಿ ಬಸ್ಸಿನಲ್ಲಿ ಅಕ್ಕನಿಗೂ ಪುಟ್ಟಿಗೂ ದುಡ್ಡಿಲ್ಲ, ಟಿಕೆಟ್ ನನಗೊಬ್ಬನಿಗೆ. ಆದರೆ ಅಕ್ಕನ ಮೂರು ದಿನದ ಕೂಲಿ ಹೋಯಿತು. ಕಡ್ಲೆಕಾಯಿ ಕಾಲದಲ್ಲಿ ಅದು ಸಣ್ಣ ಮಾತಲ್ಲ. ದಾರಿಯುದ್ದಕ್ಕೂ ಅವಳು ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಅಲ್ಲಿ ಮರಗಟ್ಟೋ ಸೂಜಿ ಹಾಕಿ, ಹಲ್ಲಿನ ನರದ ಮೇಲ್ಭಾಗವನ್ನಷ್ಟೇ ತೆಗೆದು, ಬೇರಿನೊಳಗಿನ ನರ ಜೀವಂತ ಉಳಿಯಲಿ ಅಂತ ಔಷಧಿ ತುಂಬಿದರು. ಪಲ್ಪೊಟಮಿ ಅಂತಾರೆ. ಆ ಔಷಧಿ ಮನೆ ಕಟ್ಟೋ ಸಿಮೆಂಟಿನ ನೆಂಟನಂತೆ, ಒದ್ದೆಯಲ್ಲೇ ಗಟ್ಟಿಯಾಗುತ್ತೆ. ನರ ಬದುಕಿದರೆ ಬೇರು ಬೆಳೆದು ತುದಿ ಕೂಡಿಕೊಳ್ಳುತ್ತೆ. ಮೇಲೆ ಸ್ಟೀಲಿನ ಟೋಪಿ ಹಾಕಿದರು. ಪುಟ್ಟಿ ಅದನ್ನು ಬೆಳ್ಳಿ ಹಲ್ಲು ಅಂತ ಶಾಲೆಯಲ್ಲೆಲ್ಲ ತೋರಿಸಿ ಬಂದಳು. ಉಳಿದ ಮೂರು ದವಡೆ ಹಲ್ಲಿನ ಸಂದುಗಳಿಗೆ ಸೀಲೆಂಟ್ ಅನ್ನೋ ತೆಳು ಲೇಪ ಹಚ್ಚಿದರು. ಅದಕ್ಕೆ ಸೂಜಿಯೂ ಇಲ್ಲ, ನೋವೂ ಇಲ್ಲ. ಎರಡು ವರ್ಷದ ಹಿಂದೆ ಈ ಹಲ್ಲಿಗೂ ಅಷ್ಟೇ ಮಾಡಿಸಿದ್ದರೆ ಸಾಕಿತ್ತೇನೋ.

ಹೊರಡುವಾಗ ಅಕ್ಕ ಒಳ್ಳೇ ಪ್ರಶ್ನೆ ಕೇಳಿದಳು: "ನಮ್ಮ ನೀರಲ್ಲೇ ಫ್ಲೋರೈಡ್ ಜಾಸ್ತಿ, ಪೇಸ್ಟಲ್ಲೂ ಬೇಕಾ?" ಹೊಟ್ಟೆಗೆ ಹೆಚ್ಚು ಹೋದರೆ ಕೆಟ್ಟದ್ದು, ಹಲ್ಲಿನ ಮೇಲೆ ಕೂತರೆ ಕಾವಲು ಅಂದರು ಡಾಕ್ಟರು. ಬಟಾಣಿ ಕಾಳಿನಷ್ಟು ಪೇಸ್ಟು, ಉಜ್ಜಿದ ಮೇಲೆ ಉಗಿಸಬೇಕು. 3 ವರ್ಷದೊಳಗಿನ ಮಗುವಿಗೆ ಅಕ್ಕಿಕಾಳಿನಷ್ಟೇ. ರಾತ್ರಿ ಉಜ್ಜೋದು ತಪ್ಪಬಾರದು, 7-8 ವರ್ಷದವರೆಗೆ ದೊಡ್ಡವರೇ ಉಜ್ಜಬೇಕು.

ಶಾಲೆಗೆ ವರ್ಷಕ್ಕೊಮ್ಮೆ, ಅಂಗನವಾಡಿಗೆ ವರ್ಷಕ್ಕೆರಡು ಸಲ ಆರ್‌ಬಿಎಸ್‌ಕೆ ತಂಡ ಬರಬೇಕು; ಹಲ್ಲು ನೋಡೋದೂ ಅವರ ಕೆಲಸದ ಪಟ್ಟಿಯಲ್ಲಿದೆ. ಹೋದ ಸಲ ಅವರು ಬಂದ ದಿನ ಪುಟ್ಟಿ ನಮ್ಮ ಜೊತೆ ಜಾತ್ರೆಯಲ್ಲಿದ್ದಳು. ನೀವು ಆ ದಿನ ಯಾವಾಗ ಅಂತ ಮೇಷ್ಟ್ರನ್ನು ಮೊದಲೇ ಕೇಳಿಟ್ಟುಕೊಳ್ಳಿ.

ಪುಟ್ಟಿಯ ತಮ್ಮನಿಗೆ ಈಗ ಆರು ತುಂಬಿದೆ. ಮೊನ್ನೆ ರಾತ್ರಿ ಅಕ್ಕ ಬ್ರಷ್ ಹಿಡಿದುಕೊಂಡು ನನ್ನನ್ನೇ ಕರೆದಳು, "ಟಾರ್ಚ್ ಹಾಕೋ." ಕೆಳಗೆ, ಎಲ್ಲ ಹಲ್ಲಿನ ಹಿಂದೆ, ಒಸಡು ಸೀಳಿಕೊಂಡು ಒಂದು ಬಿಳಿ ತುದಿ ಕಾಣಿಸಿತು. ಬಲಗಡೆ ಇನ್ನೂ ಬಂದಿಲ್ಲ.